ನಾಲ್ಕು ಜನರ ಮೂಗಿನ ಭಯ

1919ರಲ್ಲಿ ಅಮೆರಿಕದ ‘ಲೇಡೀಸ್ ಹೋಮ್ ಜರ್ನಲ್’ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು. ಚಿತ್ರದಲ್ಲಿ ಒಬ್ಬ ತರುಣ, ಒಬ್ಬ ತರುಣಿ. ಇನ್ನೇನು ನೃತ್ಯ ಶುರುವಾಗಬೇಕು, ಅವಳ ಬರಿತೋಳು ಅವನತ್ತ ಚಾಚಿದೆ. ಯಾವುದೋ ಪ್ರೇಮಕಥೆ ಇರಬೇಕು ಎಂದುಕೊಂಡು ಓದಲು ಕುಳಿತವಳಿಗೆ ನಾಲ್ಕು ಸಾಲು ದಾಟುವಷ್ಟರಲ್ಲಿ ವಿಷಯ ಬೇರೆಯೇ ಎಂದು ತಿಳಿಯುತ್ತಿತ್ತು. ಕವಿಗಳು ಹಾಡಿ ಹೊಗಳುವ ಹೆಣ್ಣಿನ ತೋಳಿನ ಬಾಗು ನಿಜಕ್ಕೂ ಅಷ್ಟು ಸೊಗಸಾಗಿದೆಯೇ? ಅಲ್ಲಿ ಬೆವರಿನ ವಾಸನೆ ಇದ್ದರೆ? ಇದ್ದರೂ ಅದು ಅವಳಿಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿದ್ದವರಿಗೆ ಮಾತ್ರ ಗೊತ್ತಾಗುತ್ತದೆ. ಒಕ್ಕಣೆ ಸಾಗಿದ್ದು ಈ ದಾರಿಯಲ್ಲಿ. ಕೊನೆಗೆ ಬರುತ್ತಿದ್ದ ಪರಿಹಾರ ‘ಓಡೊರೊನೊ’ ಎಂಬ ಬೆವರು ತಡೆಯುವ ದ್ರಾವಣ.

ಓದುಗರು ಸಿಟ್ಟಾದರು. ಸುಮಾರು 200 ಮಂದಿ ಪತ್ರಿಕೆಯ ಚಂದಾ ರದ್ದು ಮಾಡಿದರು. ಜಾಹೀರಾತು ಬರೆದ ಜೇಮ್ಸ್ ವೆಬ್ ಯಂಗ್ ಜೊತೆ ಪರಿಚಯದ ಹೆಂಗಸರೇ ಮಾತು ಬಿಟ್ಟರು. ಅವನ ಕಚೇರಿಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಲೇಖಕಿಯರು, ಅಮೆರಿಕದ ಹೆಂಗಸರನ್ನೆಲ್ಲ ನೀನು ಅವಮಾನಿಸಿದೆ ಎಂದರು. ವ್ಯಾಪಾರದ ಲೆಕ್ಕ ಮಾತ್ರ ಬೇರೆ ಕಥೆ ಹೇಳಿತು. ಒಂದೇ ವರ್ಷದಲ್ಲಿ ಓಡೊರೊನೊ ಮಾರಾಟ ಶೇ 112ರಷ್ಟು ಏರಿ 1920ರಲ್ಲಿ 4,17,000 ಡಾಲರ್ ಮುಟ್ಟಿತು. ಬೈದವರಿಗಿಂತ ಸದ್ದಿಲ್ಲದೆ ಅಂಗಡಿಗೆ ಹೋದವರು ಬಹಳ ಹೆಚ್ಚು.

ಶುಚಿತ್ವದ ಸರಕನ್ನು ಹೆಣ್ಣಿಗೆ ಮಾರುವ ಕಲೆಯಲ್ಲಿ ಈ ಜಾಹೀರಾತು ಒಂದು ಕವಲು. ಅದಕ್ಕೂ ಮೊದಲು ಸೋಪಿನ ಕಂಪನಿಗಳು ಹೆಚ್ಚಾಗಿ ನಮ್ಮ ಸೋಪು ಶುದ್ಧ, ನೊರೆ ಚೆನ್ನಾಗಿ ಬರುತ್ತದೆ ಎಂದು ಸರಕಿನ ಗುಣ ಹೇಳುತ್ತಿದ್ದವು. 1919ರಿಂದಾಚೆಗೆ ಮಾತು ಸರಕಿನಿಂದ ಕೊಳ್ಳುವವಳ ಮೈಗೆ ತಿರುಗಿತು. ನಿನ್ನಲ್ಲಿ ಒಂದು ಕೊರತೆಯಿದೆ, ಅದು ಎಲ್ಲರಿಗೂ ಗೊತ್ತು, ನಿನಗೊಬ್ಬಳಿಗೆ ಗೊತ್ತಿಲ್ಲ, ಯಾರೂ ನಿನಗೆ ಹೇಳುವುದೂ ಇಲ್ಲ. ಈ ಕೊನೆಯ ಮಾತಿನಲ್ಲೇ ಎಲ್ಲ ವಿಷವೂ ಇದೆ. ಬಟ್ಟೆಯ ಮೇಲೆ ಕಲೆಯಿದ್ದರೆ ಕನ್ನಡಿ ಹೇಳುತ್ತದೆ. ಮೈಯ ವಾಸನೆ ಹಾಗಲ್ಲ, ಮೂಗು ತನ್ನ ವಾಸನೆಗೆ ಬೇಗ ಒಗ್ಗಿಹೋಗುತ್ತದೆ. ‘ನನಗಿಲ್ಲ’ ಎಂದು ಸಾಬೀತು ಮಾಡಲು ದಾರಿಯೇ ಇಲ್ಲದ ಆರೋಪ ಅದು. ಯಾರಾದರೂ ದೂರ ಸರಿದರೆ, ಮದುವೆ ಮಾತು ಮುರಿದರೆ, ಗೆಳತಿ ಮನೆಗೆ ಕರೆಯದಿದ್ದರೆ ಎಲ್ಲಕ್ಕೂ ಅದೇ ಕಾರಣವಿರಬಹುದಲ್ಲ ಎಂಬ ಗುಮಾನಿ ಮನಸ್ಸಿನಲ್ಲಿ ಬೇರುಬಿಡುತ್ತದೆ. ‘ನಾಲ್ಕು ಜನ ಏನಂದುಕೊಳ್ಳುತ್ತಾರೋ’ ಎಂದು ಕೇಳುತ್ತಲೇ ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಓಡೊರೊನೊ ಹುಟ್ಟಿದ್ದು ಸಿನ್ಸಿನಾಟಿಯಲ್ಲಿ. ಶಸ್ತ್ರಕ್ರಿಯೆ ಮಾಡುವಾಗ ಕೈ ಬೆವರದಿರಲಿ ಎಂದು ಒಬ್ಬ ಸರ್ಜನ್ ಮಾಡಿಕೊಂಡಿದ್ದ ದ್ರಾವಣ ಅದು. ಅದು ಕಂಕುಳಿಗೂ ಆಗುತ್ತದೆ ಎಂದು ಕಂಡುಕೊಂಡವಳು ಇನ್ನೂ ಶಾಲೆಯಲ್ಲಿ ಓದುತ್ತಿದ್ದ ಅವನ ಮಗಳು ಎಡ್ನಾ ಮರ್ಫಿ. ಅಜ್ಜನಿಂದ 150 ಡಾಲರ್ ಸಾಲ ಪಡೆದು ವ್ಯಾಪಾರ ಶುರುಮಾಡಿದಳು. ಔಷಧದ ಅಂಗಡಿಯವರು ಮಾಲು ಹಿಂದಕ್ಕೆ ಕಳಿಸಿದರು. 1912ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಬೇಸಗೆಯಿಡೀ ನಡೆದ ವಸ್ತುಪ್ರದರ್ಶನದ ಸೆಕೆ ಅವಳ ಕೈಹಿಡಿಯಿತು. ಈ ಹುಡುಗಿಯ ಸಾಹಸ ಸಣ್ಣದಲ್ಲ. ಅಲ್ಲಿಯವರೆಗೆ ಉಳ್ಳವರ ಮನೆಯ ಹೆಂಗಸರು ರೇಷ್ಮೆ ಬಟ್ಟೆ ಕೆಡದಂತೆ ಕಂಕುಳಲ್ಲಿ ಹತ್ತಿ ಅಥವಾ ರಬ್ಬರಿನ ಪಟ್ಟಿ ಇಟ್ಟುಕೊಳ್ಳುತ್ತಿದ್ದರು. ಅದರ ಕಿರಿಕಿರಿ ತಪ್ಪಿಸುವ ವಸ್ತು ಬೇಕೇ ಇತ್ತು.

ಆದರೆ ದ್ರಾವಣದ ಗುಣವೂ ಒರಟು. ಆಮ್ಲದಲ್ಲಿ ಕರಗಿಸಿದ ಅಲ್ಯೂಮಿನಿಯಂ ಕ್ಲೋರೈಡ್, ಬಣ್ಣ ಕೆಂಪು. ಚರ್ಮ ಉರಿಯುತ್ತಿತ್ತು, ಬಟ್ಟೆಗೆ ತಾಗಿದರೆ ಕಲೆ ಬೀಳುತ್ತಿತ್ತು, ನೂಲು ಸವೆಯುತ್ತಿತ್ತು. ಹಚ್ಚುವ ಮುನ್ನ ಕೂದಲು ತೆಗೆಯಬೇಡಿ, ರಾತ್ರಿ ಮಲಗುವಾಗ ಹಚ್ಚಿ ಒಣಗಲು ಬಿಡಿ ಎಂದು ಕಂಪನಿಯೇ ಹೇಳುತ್ತಿತ್ತು. ಇಷ್ಟು ತೊಂದರೆ ಕೊಡುವ ಸರಕನ್ನು ಮತ್ತಷ್ಟು ಮನೆಗಳಿಗೆ ದಾಟಿಸುವುದು ಹೇಗೆ? ಜೆ. ವಾಲ್ಟರ್ ಥಾಂಪ್ಸನ್ ಜಾಹೀರಾತು ಸಂಸ್ಥೆ ಮನೆಮನೆಗೆ ಜನ ಕಳಿಸಿ ವಿಚಾರಿಸಿತು. ಎಲ್ಲ ಹೆಂಗಸರಿಗೂ ಓಡೊರೊನೊ ಗೊತ್ತಿತ್ತು, ಮೂರರಲ್ಲಿ ಒಂದು ಪಾಲು ಬಳಸುತ್ತಲೂ ಇದ್ದರು. ಉಳಿದ ಎರಡು ಪಾಲು, ನಮಗದರ ಅಗತ್ಯವಿಲ್ಲ ಎಂದರು. ಅವರು ಹೇಳಿದ್ದು ನಿಜವೇ ಇರಬಹುದು ಎಂದು ಸಂಸ್ಥೆ ಯೋಚಿಸಲಿಲ್ಲ. ಅಗತ್ಯವಿಲ್ಲ ಎಂದವರ ಮನಸ್ಸಿನಲ್ಲಿ ಅಗತ್ಯ ಹುಟ್ಟಿಸುವ ಕೆಲಸವನ್ನು ಯಂಗ್ ಕೈಗೆತ್ತಿಕೊಂಡ. ತೋಳಿನ ಬಾಗಿನ ಜಾಹೀರಾತು ಹುಟ್ಟಿದ್ದು ಹಾಗೆ.

ಮದುವೆಯಾಗದ ಹುಡುಗಿಯ ಚಿತ್ರ

ಬೆವರಿಗೆ ಆದದ್ದೇ ಬಾಯಿಗೂ ಆಯಿತು. ಲಿಸ್ಟರಿನ್ 1879ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿದ ನಂಜುನಿವಾರಕ. ಶಸ್ತ್ರಚಿಕಿತ್ಸೆಯಲ್ಲಿ ಸೋಂಕು ತಡೆಯುವುದನ್ನು ಕಲಿಸಿದ ಜೋಸೆಫ್ ಲಿಸ್ಟರ್ ಹೆಸರನ್ನೇ ಅದಕ್ಕಿಟ್ಟಿದ್ದರು. ದಶಕಗಳ ಕಾಲ ವೈದ್ಯರು, ದಂತವೈದ್ಯರು ಬಳಸಿದರು. 1920ರ ಹೊತ್ತಿಗೆ ಕಂಪನಿಗೆ ದೊಡ್ಡ ಮಾರುಕಟ್ಟೆ ಬೇಕಾಯಿತು. ಬಾಯಿವಾಸನೆಗೂ ಇದು ಆದೀತೇ ಎಂಬ ಚರ್ಚೆಯಲ್ಲಿ ಕಂಪನಿಯ ರಸಾಯನ ತಜ್ಞರೊಬ್ಬರು ‘ಹ್ಯಾಲಿಟೋಸಿಸ್’ ಎಂಬ ಹಳೆಯ ಪದ ಎತ್ತಿದರಂತೆ. ಮಾಲೀಕ ಜೆರಾರ್ಡ್ ಲ್ಯಾಂಬರ್ಟ್‌ಗೆ ಅದು ಸಾಕಾಯಿತು. ಬಾಯಿನಾತ ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಲು ಸಂಕೋಚ, ರೋಗದ ಹೆಸರು ಅಚ್ಚು ಹಾಕಲು ಸಂಕೋಚವಿಲ್ಲ.

ಆ ಪದ ಹಿಡಿದು ಹೊರಟ ಜಾಹೀರಾತು ಸರಣಿಯಲ್ಲಿ ಅತ್ಯಂತ ಹೆಸರಾದದ್ದು ಎಡ್ನಾ ಎಂಬ ಕಲ್ಪಿತ ಹುಡುಗಿಯ ಜಾಹೀರಾತು. ಚೆಲುವೆ, ಗುಣವಂತೆ, ಒಳ್ಳೆಯ ಮನೆತನ. ಗೆಳತಿಯರ ಮದುವೆಗಳಲ್ಲಿ ವಧುವಿನ ಪಕ್ಕ ನಿಲ್ಲುತ್ತಾಳೆ, ತಾನು ಮಾತ್ರ ವಧುವಾಗುವುದಿಲ್ಲ. ವಯಸ್ಸು ಮೂವತ್ತರ ಹತ್ತಿರ ಬಂದಿದೆ. ಅವಳಿಗೆ ಬಾಯಿವಾಸನೆ, ಆಪ್ತ ಗೆಳತಿಯೂ ಅದನ್ನು ಅವಳಿಗೆ ಹೇಳಲಾರಳು. ಇಪ್ಪತ್ತರ ದಶಕದ ನಡುವೆ ಶುರುವಾದ ಈ ಕಥೆಯನ್ನು ಕಂಪನಿ ಹುಡುಗಿಯರ ಮುಖ ಬದಲಿಸಿ ವರ್ಷಗಟ್ಟಲೆ ಹೇಳಿತು. 1921ರಲ್ಲಿ ಸುಮಾರು 1.15 ಲಕ್ಷ ಡಾಲರ್ ಇದ್ದ ಲಿಸ್ಟರಿನ್ ವರಮಾನ ದಶಕ ಮುಗಿಯುವುದರೊಳಗೆ 80 ಲಕ್ಷ ದಾಟಿತು ಎಂದು ಜಾಹೀರಾತಿನ ಚರಿತ್ರೆ ಬರೆದವರು ದಾಖಲಿಸಿದ್ದಾರೆ.

ಗಂಡಸರಿಗೂ ಲಿಸ್ಟರಿನ್ ಮಾರಿದರು, ಮೂವತ್ತರ ದಶಕದಲ್ಲಿ ಬೆವರಿನ ಔಷಧವನ್ನೂ ಮಾರಿದರು. ಅವರ ಜಾಹೀರಾತುಗಳಲ್ಲಿ ಕಾಡಿದ್ದು ನೌಕರಿಯ ಭಯ. ಆರ್ಥಿಕ ಕುಸಿತದ ಕಾಲ, ಕೆಲಸ ಕಳೆದುಕೊಳ್ಳುವ ಅಂಜಿಕೆ ಮನೆಮನೆಯಲ್ಲೂ ಇತ್ತು. ಹೆಂಗಸರ ಜಾಹೀರಾತಿನಲ್ಲಿ ಮದುವೆಯೇ ನೌಕರಿ. ಅದು ಜಾಹೀರಾತಿನವರು ಹೊಸದಾಗಿ ಕಟ್ಟಿದ್ದಲ್ಲ. ಬಹುಪಾಲು ಹೆಂಗಸರಿಗೆ ಸ್ವಂತ ಆಸ್ತಿ, ಸ್ವಂತ ದುಡಿಮೆ ಇರಲಿಲ್ಲ, ಗಂಡನ ಮನೆ ಸೇರುವುದೇ ಹೊಟ್ಟೆಪಾಡಿನ ದಾರಿ. ಜೊತೆಗೆ ಊರು ಬಿಟ್ಟು ನಗರ ಸೇರಿದ ಹುಡುಗಿಯರು ಕಚೇರಿಗಳಲ್ಲಿ ಟೈಪಿಸ್ಟ್‌ಗಳಾಗಿ, ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಆಪರೇಟರ್‌ಗಳಾಗಿ, ಅಂಗಡಿ ಮಾರಾಟಗಾರ್ತಿಯರಾಗಿ ದಿನವಿಡೀ ಅಪರಿಚಿತರ ಮಗ್ಗುಲಲ್ಲಿ ಕೂರುತ್ತಿದ್ದರು. ಹಳ್ಳಿಯಲ್ಲಾದರೆ ಇವಳು ಯಾರ ಮಗಳು ಎಂದು ಎಲ್ಲರಿಗೂ ಗೊತ್ತು. ನಗರದಲ್ಲಿ ಮೊದಲ ನೋಟವೇ ಅವಳ ಪೂರ್ವಾಪರ. ಅಮೆರಿಕದ ಜಾಹೀರಾತುಗಳ ಬಗ್ಗೆ ಆಳವಾಗಿ ಬರೆದ ಇತಿಹಾಸಕಾರ ರೋಲಂಡ್ ಮಾರ್ಚಂಡ್, ‘ಮೊದಲ ನೋಟದಲ್ಲೇ ಗೆಲುವು ಸೋಲು ತೀರ್ಮಾನವಾಗುತ್ತದೆ’ ಎಂಬ ನೀತಿಕಥೆಯನ್ನು ಆ ಕಾಲದ ಜಾಹೀರಾತುಗಳು ಮತ್ತೆ ಮತ್ತೆ ಹೇಳುತ್ತಿದ್ದವು ಎಂದು ಗುರುತಿಸಿದ್ದಾರೆ. ಅವಳಲ್ಲಿ ಮೊದಲೇ ಇದ್ದ ಅಂಜಿಕೆಗೆ ಕಂಪನಿಗಳು ಒಂದು ವಾಸನೆ ಅಂಟಿಸಿ, ಅದಕ್ಕೊಂದು ಬೆಲೆಯ ಚೀಟಿ ಹಚ್ಚಿದವು.

ಕಾಲರಾದಿಂದ ಮಲಗುವ ಕೋಣೆಗೆ

ಬೆವರು, ಬಾಯಿಯ ಕಥೆಯಲ್ಲಿ ಹೆಣ್ಣು ಕಳೆದುಕೊಂಡದ್ದು ಹಣ, ನೆಮ್ಮದಿ. ಲೈಸಾಲ್ ಕಥೆಯಲ್ಲಿ ಪ್ರಾಣವನ್ನೂ ಕಳೆದುಕೊಂಡಳು. ಇದನ್ನು ಸ್ವಲ್ಪ ನಿಂತು ನೋಡಬೇಕು.

ಲೈಸಾಲ್ 1889ರಲ್ಲಿ ಜರ್ಮನಿಯಲ್ಲಿ ತಯಾರಾಯಿತು. 1892ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಹಬ್ಬಿದಾಗ ಸೋಂಕು ನಿವಾರಣೆಗೆ ಬಳಸಿದರು. ನೆಲ, ಚರಂಡಿ, ಆಸ್ಪತ್ರೆಯ ಪಾತ್ರೆಗಳಿಗೆ ಹಾಕುವ ವಸ್ತು ಅದು. ಆಗಿನ ಲೈಸಾಲ್‌ನಲ್ಲಿ ಕ್ರೆಸಾಲ್ ಇತ್ತು. ಚರ್ಮ ಸುಡುವ, ದೇಹಕ್ಕೆ ಸೇರಿದರೆ ನಂಜಾಗುವ ರಾಸಾಯನಿಕ. ಅಮೆರಿಕದಲ್ಲಿ ಇಪ್ಪತ್ತರ ದಶಕದಿಂದ ಇದನ್ನು ನೀರಿನಲ್ಲಿ ಬೆರೆಸಿ ಯೋನಿಯ ಒಳಭಾಗ ತೊಳೆಯಲು ಬಳಸಿ ಎಂದು ಹೆಂಗಸರ ಪತ್ರಿಕೆಗಳಲ್ಲಿ ಬಹಿರಂಗವಾಗಿ ಜಾಹೀರಾತು ಕೊಟ್ಟರು.

ನಲವತ್ತರ ದಶಕದ ಒಂದು ಜಾಹೀರಾತು ನೋಡಿ. ಹೆಂಡತಿ ಮುಚ್ಚಿದ ಬಾಗಿಲ ಎದುರು ನಿಂತು ಗಂಡನನ್ನು ಅಂಗಲಾಚುತ್ತಿದ್ದಾಳೆ, ನನ್ನನ್ನು ಹೊರಗಿಡಬೇಡ ಎಂದು. ಕೆಳಗಿನ ಒಕ್ಕಣೆ ಹೇಳುವುದಿಷ್ಟು: ಗಂಡ ದೂರವಾದದ್ದಕ್ಕೆ ಅವನನ್ನು ದೂರುವ ಮೊದಲು ಹೆಂಡತಿ ತನ್ನನ್ನು ತಾನು ನೋಡಿಕೊಳ್ಳಲಿ, ಒಳಗಿನ ಶುಚಿತ್ವದಲ್ಲಿ ಅವಳು ಅಸಡ್ಡೆ ಮಾಡಿರಬೇಕು. ಇನ್ನೂ ಕೆಲವು ಜಾಹೀರಾತುಗಳಲ್ಲಿ ಗಂಡ ಮನೆಯಿಂದ ಹೊರಟಿರುತ್ತಾನೆ, ಇಲ್ಲವೇ ಊಟದ ಮೇಜಿನಲ್ಲಿ ಮುಖ ತಿರುಗಿಸಿ ಕೂತಿರುತ್ತಾನೆ. ಅವನಿಗೆ ಬೇರೆ ಚಿಂತೆಯಿರಬಹುದು, ಅವನೇ ಕೆಟ್ಟವನಿರಬಹುದು ಎಂಬ ಸಾಧ್ಯತೆ ಒಂದರಲ್ಲೂ ಇಲ್ಲ. ಸಂಸಾರ ಕೆಟ್ಟರೆ ಕಾರಣ ಹೆಂಡತಿಯ ಮೈ. ಮೂವತ್ತರ ದಶಕದಲ್ಲಿ ಯುರೋಪಿನ ಹೆಸರಾಂತ ಮಹಿಳಾ ವೈದ್ಯರ ಸಲಹೆ ಎಂಬ ತಲೆಬರಹದಲ್ಲಿ ಸರಣಿಯೇ ಬಂತು. ಅಮೆರಿಕನ್ ವೈದ್ಯಕೀಯ ಸಂಘ ವಿಚಾರಿಸಿ ನೋಡಿದಾಗ ಅಂಥ ವೈದ್ಯರು ಇರಲೇ ಇಲ್ಲ.

ಆದರೆ ಇಷ್ಟು ಹೆಂಗಸರು ಸುಡುವ ದ್ರಾವಣವನ್ನು ಮತ್ತೆ ಮತ್ತೆ ಕೊಂಡದ್ದೇಕೆ? ಗಂಡನನ್ನು ಮೆಚ್ಚಿಸಲು ಎಂದರೆ ಅರ್ಧ ಉತ್ತರ. ಉಳಿದರ್ಧ ಕಾನೂನಿನಲ್ಲಿತ್ತು. 1873ರ ಕಾಮ್‌ಸ್ಟಾಕ್ ಕಾಯ್ದೆ ಗರ್ಭನಿರೋಧಕಗಳನ್ನೂ ಅವುಗಳ ಮಾಹಿತಿಯನ್ನೂ ಅಶ್ಲೀಲವೆಂದು ಕರೆದು ಅಂಚೆಯಲ್ಲಿ ಕಳಿಸುವುದನ್ನೇ ನಿಷೇಧಿಸಿತ್ತು. ಬಸಿರು ತಡೆಯುವ ವಸ್ತು ಎಂದು ಬರೆದರೆ ಅಪರಾಧ, ‘ಸ್ತ್ರೀ ನೈರ್ಮಲ್ಯ’ ಎಂದು ಬರೆದರೆ ಅಪರಾಧವಲ್ಲ. ಹೆಂಡತಿಯ ಆತಂಕ, ತಿಂಗಳ ಲೆಕ್ಕ, ರೋಗಾಣು ನಾಶ ಎಂಬ ಮಾತುಗಳನ್ನು ಜಾಹೀರಾತು ಪೋಣಿಸುತ್ತಿತ್ತು, ಓದುವ ಹೆಂಗಸು ಏನು ತಿಳಿದುಕೊಳ್ಳಬೇಕೋ ಅದನ್ನು ತಿಳಿದುಕೊಳ್ಳುತ್ತಿದ್ದಳು. ಇತಿಹಾಸಕಾರ್ತಿ ಆಂಡ್ರಿಯಾ ಟೋನ್ ಇದನ್ನೆಲ್ಲ ವಿವರವಾಗಿ ಬಿಡಿಸಿಟ್ಟಿದ್ದಾರೆ. ವೈದ್ಯರ ಬಳಿ ಹೋಗಿ ಗರ್ಭ ತಡೆಯುವ ವಪೆ (ಡಯಾಫ್ರಾಮ್) ಹಾಕಿಸಿಕೊಳ್ಳುವಷ್ಟು ಅನುಕೂಲವಿಲ್ಲದ ಮನೆಗಳಲ್ಲಿ, ನಾಲ್ಕು ಮಕ್ಕಳಾದ ಮೇಲೆ ಐದನೆಯದು ಬೇಡವೆಂದ ತಾಯಿಗೆ ಕೈಗೆಟುಕುತ್ತಿದ್ದದ್ದು ಅಂಗಡಿಯ ಆ ಕಂದು ಬಾಟಲಿ. ಆರ್ಥಿಕ ಕುಸಿತದ ವರ್ಷಗಳಲ್ಲಿ ಅಮೆರಿಕದ ಹೆಂಗಸರು ಗರ್ಭನಿರೋಧಕವೆಂದು ಅತಿ ಹೆಚ್ಚು ಕೊಂಡದ್ದು ಇದನ್ನೇ.

ಅದು ಕೆಲಸ ಮಾಡಿತೇ? ನ್ಯೂಯಾರ್ಕ್ ಪಕ್ಕದ ನೆವಾರ್ಕ್ ನಗರದ ತಾಯಂದಿರ ಆರೋಗ್ಯ ಕೇಂದ್ರವೊಂದರ 1933ರ ಅಧ್ಯಯನದಲ್ಲಿ ಹೀಗೆ ತೊಳೆದುಕೊಂಡ 507 ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನ ಬಸಿರಾಗಿದ್ದರು. ಅಪಾಯ ಅದಕ್ಕೂ ಬಹಳ ಮೊದಲೇ ಗೊತ್ತಿತ್ತು. 1911ರ ಹೊತ್ತಿಗೇ ವೈದ್ಯರು ಲೈಸಾಲ್‌ನಿಂದಾದ 193 ವಿಷಪ್ರಕರಣಗಳನ್ನೂ ಗರ್ಭಾಶಯ ತೊಳೆಯಲು ಹೋಗಿ ಸಂಭವಿಸಿದ ಐದು ಸಾವುಗಳನ್ನೂ ದಾಖಲಿಸಿದ್ದರು. ಇಷ್ಟೆಲ್ಲ ಗೊತ್ತಿದ್ದೂ ಜಾಹೀರಾತುಗಳು ‘ಮೃದು’, ‘ಸುರಕ್ಷಿತ’ ಎನ್ನುತ್ತಲೇ ಹೋದವು. ಸುಟ್ಟುಕೊಂಡವಳು ದೂರು ಕೊಡುವಂತಿಲ್ಲ. ಕೊಟ್ಟರೆ ಯಾತಕ್ಕೆ ಬಳಸಿದೆ ಎಂದು ಹೇಳಬೇಕು, ಹೇಳಿದರೆ ಮಾನ ಹೋಗುತ್ತದೆ. ಕಂಪನಿ ಬಿತ್ತಿದ ನಾಚಿಕೆ ಕಂಪನಿಯನ್ನೇ ಕಾಯಿತು. ಈ ಇಡೀ ಚರಿತ್ರೆಯಲ್ಲಿ ನನಗೆ ಅತಿ ಕ್ರೂರವಾಗಿ ಕಾಣುವುದು ಇದೇ.

ಇದೇ ಹೊತ್ತಿನಲ್ಲಿ ನಮ್ಮ ಮೈಸೂರು ಸಂಸ್ಥಾನ ಮಾಡಿದ್ದನ್ನು ಇಲ್ಲಿ ನೆನೆಯಲೇಬೇಕು. 1930ರಲ್ಲಿ ಮೈಸೂರು ಸರಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಸಲಹಾ ಕೇಂದ್ರಗಳನ್ನು ತೆರೆಯಲು ಆದೇಶ ಹೊರಡಿಸಿತು. ಸರಕಾರವೊಂದು ತಾನೇ ಮುಂದಾಗಿ ತೆರೆದ ಮೊದಲ ಕೇಂದ್ರಗಳೆಂದು ಅವನ್ನು ಗುರುತಿಸುತ್ತಾರೆ. ಎಷ್ಟು ಹೆಂಗಸರಿಗೆ ಅದರ ಪ್ರಯೋಜನ ಮುಟ್ಟಿತು ಎಂಬುದು ಬೇರೆ ಪ್ರಶ್ನೆ. ಆದರೆ ಹೆಣ್ಣಿನ ಅಗತ್ಯವನ್ನು ಅದರ ಹೆಸರು ಹಿಡಿದೇ ಹೇಳಿ ಅವಳನ್ನು ವೈದ್ಯರ ಮುಂದೆ ಕೂರಿಸುವ ದಾರಿಯೂ ಆ ಕಾಲದಲ್ಲಿ ಸಾಧ್ಯವಿತ್ತು.

ಎಲ್ಲ ಸರಕನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಮೊದಲ ಮಹಾಯುದ್ಧದಲ್ಲಿ ಗಾಯದ ಪಟ್ಟಿಗೆಂದು ತಯಾರಾದ ಮರದ ನಾರಿನ ಹತ್ತಿಯನ್ನು ಫ್ರಾನ್ಸಿನಲ್ಲಿದ್ದ ನರ್ಸುಗಳು ಮುಟ್ಟಿನ ದಿನಗಳಲ್ಲಿ ಬಳಸಿಕೊಂಡರು. ಅದರಿಂದ 1920ರಲ್ಲಿ ಕೊಟೆಕ್ಸ್ ಪ್ಯಾಡ್ ಬಂತು. ಗಂಡಸು ಕೂತ ಅಂಗಡಿಯಲ್ಲಿ ಹೆಸರು ಹೇಳಿ ಕೇಳಲು ಹೆಂಗಸರು ಹಿಂಜರಿದಾಗ, ಪ್ಯಾಕೆಟ್‌ಗಳನ್ನು ಹೊರಗೆ ಜೋಡಿಸಿ ಪಕ್ಕದಲ್ಲಿ ಹಣದ ಡಬ್ಬಿ ಇಡುವ ಏರ್ಪಾಡಾಯಿತು. ಮಾತಿಲ್ಲದೆ ದುಡ್ಡು ಹಾಕಿ ಪ್ಯಾಕೆಟ್ ಎತ್ತಿಕೊಂಡು ಹೋಗಬಹುದು. ಇಂದಿಗೂ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಪ್ಯಾಡನ್ನು ಹಳೆ ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ ಕೊಡುವುದನ್ನು ಕಂಡವರಿಗೆ ಆ ಡಬ್ಬಿಯ ಅರ್ಥ ತಕ್ಷಣ ಹೊಳೆಯುತ್ತದೆ. ಪ್ಯಾಡು ಲಕ್ಷಾಂತರ ಹುಡುಗಿಯರಿಗೆ ಶಾಲೆ, ಕೆಲಸ, ಓಡಾಟ ಕೊಟ್ಟಿತು. ಅದನ್ನು ಮಾರಿದ ಜಾಹೀರಾತುಗಳೂ ‘ಕಲೆಯಾದರೆ ನಾಲ್ವರೆದುರು ಏನು ಗತಿ’ ಎಂಬ ಭಯವನ್ನೇ ಉಣಿಸಿದವು.

ಈ ಜಾಹೀರಾತುಗಳನ್ನೆಲ್ಲ ಗಂಡಸರೇ ಕೂತು ಬರೆದರು ಎಂದುಕೊಂಡರೆ ಅದೂ ತಪ್ಪು. ಯಂಗ್ ಇದ್ದ ಅದೇ ಸಂಸ್ಥೆಯಲ್ಲಿ ಹೆಲೆನ್ ಲ್ಯಾನ್ಸ್‌ಡೌನ್ ರೆಸಾರ್ ಎಂಬಾಕೆ ಹೆಂಗಸರ ಸರಕುಗಳ ಜಾಹೀರಾತಿಗೆಂದೇ ಮಹಿಳಾ ವಿಭಾಗ ಕಟ್ಟಿದ್ದಳು. ಸ್ಪರ್ಶಿಸಲು ಆಸೆಯಾಗುವ ಚರ್ಮ ಎಂಬರ್ಥದ ವುಡ್‌ಬರಿ ಸೋಪಿನ ಘೋಷಣೆ ಅವಳದು. ಆಕೆಯೂ ಅವಳ ಜೊತೆಗಾರ್ತಿಯರಲ್ಲಿ ಹಲವರೂ ಹೆಂಗಸರ ಮತದ ಹಕ್ಕಿಗಾಗಿ ಹೋರಾಡಿದವರು. ಅವರಿಗೆ ಆ ನೌಕರಿ ಸ್ವಂತ ದುಡಿಮೆ, ಸ್ವಂತ ಮರ್ಯಾದೆ. ಆ ದುಡಿಮೆಯ ದಾರಿ ಮಾತ್ರ ಇತರ ಹೆಂಗಸರ ಅಂಜಿಕೆಯ ಮೂಲಕ ಹಾದಿತ್ತು. 1920ರಲ್ಲಿ ಅಮೆರಿಕದ ಹೆಂಗಸಿಗೆ ಮತದ ಹಕ್ಕು ಬಂತು. ಅದೇ ದಶಕದಲ್ಲಿ ಅವಳ ಕಂಕುಳು, ಬಾಯಿ, ಒಳಮೈ ಒಂದೊಂದೇ ಆಕೆ ಕಾವಲಿರಬೇಕಾದ ಜಾಗವಾಯಿತು.

ಬೊಂಬಾಯಿಗೆ ಬಂದ ಹಡಗು

ಜೆ. ವಾಲ್ಟರ್ ಥಾಂಪ್ಸನ್ 1929ರಲ್ಲಿ ಬೊಂಬಾಯಿಯಲ್ಲಿ ಕಚೇರಿ ತೆರೆಯಿತು. ಮೋಟಾರು ಕಾರಿನ ಜಾಹೀರಾತಿಗಾಗಿ ಬಂದದ್ದು, ಮುಂದೆ ಹಿಂದೂಸ್ತಾನ್ ಥಾಂಪ್ಸನ್ ಆಗಿ ದೇಶದ ದೊಡ್ಡ ಸಂಸ್ಥೆಗಳಲ್ಲೊಂದಾಗಿ ಬೆಳೆಯಿತು. ಅಮೆರಿಕದಲ್ಲಿ ಪಳಗಿದ ವರಸೆಗಳಿಗೆ ಇಲ್ಲಿ ನೆಲ ಹದವಾಗಿಯೇ ಇತ್ತು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಕಾಫಿ ಲೋಟ ಹಿಡಿದು ಬಂದವಳ ನಡಿಗೆ, ಕೂದಲು, ಬಣ್ಣ ಎಲ್ಲವನ್ನೂ ಅಳೆಯುವ ಕಣ್ಣುಗಳು ಮೊದಲೇ ಇದ್ದವು. ಇಲ್ಲಿ ಮೂಗಿಗಿಂತ ಕಣ್ಣಿನ ಭಯ ಹೆಚ್ಚು ಮಾರಾಟವಾಯಿತು, ಅಷ್ಟೇ ವ್ಯತ್ಯಾಸ.

1975ರಲ್ಲಿ ಫೇರ್ ಅಂಡ್ ಲವ್ಲಿ ಬಂತು. ಅದರ ಒಂದು ಟೀವಿ ಜಾಹೀರಾತು ಹಲವರಿಗೆ ಇನ್ನೂ ನೆನಪಿರಬಹುದು. ಮಗನಿದ್ದಿದ್ದರೆ ಎಂದು ಕೊರಗುವ ತಂದೆ, ಅದನ್ನು ಕೇಳಿಸಿಕೊಂಡ ಮಗಳು, ಕ್ರೀಮು ಹಚ್ಚಿದ ಮೇಲೆ ಗಗನಸಖಿಯ ಕೆಲಸ. ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ದೂರು ಕೊಟ್ಟಿತು, ಸರಕಾರ ಮಧ್ಯೆ ಬಂತು, 2003ರಲ್ಲಿ ಜಾಹೀರಾತು ನಿಂತಿತು. 2014ರಲ್ಲಿ ಭಾರತೀಯ ಜಾಹೀರಾತು ಮಾನದಂಡ ಮಂಡಳಿ, ಕಪ್ಪು ಬಣ್ಣದವರನ್ನು ಮದುವೆಯಲ್ಲೋ ಕೆಲಸದಲ್ಲೋ ಸೋತವರಂತೆ ತೋರಿಸಬಾರದು ಎಂದು ನಿಯಮ ಮಾಡಿತು. 2020ರಲ್ಲಿ ಆ ಕ್ರೀಮಿನ ಹೆಸರೂ ಬದಲಾಯಿತು.

2012ರಲ್ಲಿ ‘ಕ್ಲೀನ್ ಅಂಡ್ ಡ್ರೈ’ ಎಂಬ ದ್ರಾವಣದ ಜಾಹೀರಾತು ಬಂತು. ಹೆಂಡತಿ ಮುಖ ಬಾಡಿಸಿ ಕೂತಿದ್ದಾಳೆ, ಗಂಡ ಅವಳ ಕಡೆ ನೋಡುತ್ತಿಲ್ಲ. ಗುಪ್ತಾಂಗ ತೊಳೆದು ಬೆಳ್ಳಗಾಗಿಸುವ ದ್ರಾವಣ ಬಳಸಿದ ಮೇಲೆ ಸಂಸಾರ ನಗುತ್ತದೆ. ಲೈಸಾಲ್ ಜಾಹೀರಾತಿನ ಮುಚ್ಚಿದ ಬಾಗಿಲನ್ನು ಅರವತ್ತು ವರ್ಷಗಳ ನಂತರ ಇಲ್ಲಿ ಬಣ್ಣ ಬಳಿದು ಮತ್ತೆ ನಿಲ್ಲಿಸಿದ್ದರು. ವ್ಯಾಪಕ ಪ್ರತಿಭಟನೆಯಾಯಿತು, ವಿಷಯ ಮಾನದಂಡ ಮಂಡಳಿಯವರೆಗೆ ಹೋಯಿತು. ಗುಪ್ತಾಂಗದ ‘ವಾಶ್’ಗಳ ಮಾರುಕಟ್ಟೆ ಮಾತ್ರ ನಿಂತಿಲ್ಲ. ಈಗ ಅವು ಬರುವುದು ಸ್ವಾಭಿಮಾನ, ಆತ್ಮವಿಶ್ವಾಸ ಎಂಬ ಮಾತಿನ ಹೊದಿಕೆಯಲ್ಲಿ, ಮೊಬೈಲಿನ ಪರದೆಯಲ್ಲಿ, ಹದಿನಾಲ್ಕರ ಹುಡುಗಿಗೂ ಸಿಗುವ ಹಾಗೆ.

ಇಂಥ ಸುಳ್ಳಿಗೆ ಮದ್ದೇ ಇಲ್ಲ ಎಂದೇನಲ್ಲ. ಲಿಸ್ಟರಿನ್ ನೆಗಡಿ, ಗಂಟಲುನೋವನ್ನೂ ತಡೆಯುತ್ತದೆ ಎಂದು ಕಂಪನಿ ದಶಕಗಳ ಕಾಲ ಹೇಳಿತ್ತು. 1975ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದನ್ನು ತಡೆದು, ಸುಮಾರು 1 ಕೋಟಿ ಡಾಲರ್ ಮೊತ್ತದ ಮುಂದಿನ ಜಾಹೀರಾತುಗಳಲ್ಲಿ ‘ಲಿಸ್ಟರಿನ್ ಇದನ್ನು ತಡೆಯುವುದಿಲ್ಲ’ ಎಂದು ಕಂಪನಿಯೇ ಹೇಳಬೇಕೆಂದು ಆದೇಶಿಸಿತು. ಎರಡು ವರ್ಷಗಳ ನಂತರ ನ್ಯಾಯಾಲಯವೂ ಆದೇಶವನ್ನು ಎತ್ತಿಹಿಡಿಯಿತು. ಮದುವೆಯಾಗದ ಎಡ್ನಾಳ ವಿಷಯದಲ್ಲಿ ಯಾವ ನ್ಯಾಯಾಲಯವೂ ಏನೂ ಹೇಳಿಲ್ಲ. ನೆಗಡಿಯ ಸುಳ್ಳನ್ನು ಪರೀಕ್ಷೆಯಿಂದ ಹಿಡಿಯಬಹುದು, ಭಯ ಹುಟ್ಟಿಸಿದ್ದನ್ನು ಹಿಡಿಯಲು ಕಾನೂನಿನ ಕೈ ಗಿಡ್ಡ.

ಹಾಗಾಗಿ ಹೆಣ್ಣುಮಕ್ಕಳಿಗೆ, ಅವರ ತಾಯಂದಿರಿಗೆ ಇಷ್ಟು ಹೇಳಬೇಕು. ಯೋನಿ ತನ್ನ ಒಳಗನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ. ಅಲ್ಲಿರುವ ಲ್ಯಾಕ್ಟೊಬ್ಯಾಸಿಲಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾಗಳು ಹುಳಿ ಗುಣ ಕಾಪಾಡಿ ಸೋಂಕು ತಡೆಯುತ್ತವೆ. ಒಳಗೆ ದ್ರಾವಣ ಹಾಕಿ ತೊಳೆದರೆ ಅವೇ ನಾಶವಾಗುತ್ತವೆ, ಅದಕ್ಕೇ ಪ್ರಸೂತಿ ತಜ್ಞರು ಒಳಗೆ ತೊಳೆಯಬೇಡಿ ಎನ್ನುತ್ತಾರೆ. ಹೊರಭಾಗಕ್ಕೆ ನೀರು ಸಾಕು. ತುರಿಕೆ, ಉರಿ, ಸ್ರಾವದ ಬಣ್ಣ ಅಥವಾ ವಾಸನೆಯಲ್ಲಿ ಬದಲಾವಣೆ ಕಂಡರೆ ಹೋಗಬೇಕಾದದ್ದು ವೈದ್ಯರ ಬಳಿಗೆ. ಇಲ್ಲದ ರೋಗ ಹೇಳಿ ಹೆದರಿಸುವ ಜಾಹೀರಾತು ಕಣ್ಣಿಗೆ ಬಿದ್ದರೆ ಮಾನದಂಡ ಮಂಡಳಿಗೆ ದೂರು ಬರೆಯಿರಿ, ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರಿಗೂ ಅದರಲ್ಲಿ ಶಿಫಾರಸು ಮಾಡುವ ತಾರೆಯರಿಗೂ 10 ಲಕ್ಷ ರೂಪಾಯಿಯವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ.